ಗೋಡೆಯ ಮೇಲೆ ಮೂವರು ಸೊಸೆಯರು

ತರಕಾರಿಯವರ ಬಲಗಿವಿಯ ಮೇಲಿನ ಕೂದಲಷ್ಟೇ ಬೆಳ್ಳಗಿತ್ತು. ಸೀಮೆಸುಣ್ಣ ಸಿಕ್ಕಿಸಿಕೊಳ್ಳುವ ಜಾಗ ಅದು. ಡೊಂಬಿವ್ಲಿಯ ನಮ್ಮ ಬಿಲ್ಡಿಂಗಿನ ಕೆಳಗೆ ಅವರ ತರಕಾರಿ ಅಂಗಡಿ; ಊರು ವಿಜಯಪುರದ ಕಡೆ. ವಾಶಿ ಮಾರುಕಟ್ಟೆಯ ಮಾಲು ಇಳಿಸಿಕೊಂಡವರೇ ಮೊಬೈಲಿನಲ್ಲಿ ನಾಳೆಯ ಮಳೆ-ಬಿಸಿಲು ಹೇಳುವ ಮೂರು ಹವಾಮಾನ ಮಾಡೆಲ್ ನೋಡಿ, ಗೋಡೆಯ ಮೇಲೆ ಮೂರು ಸಾಲು ಬರೆಯುತ್ತಿದ್ದರು. ಮರುದಿನ ನಿಜವಾದದ್ದಕ್ಕೆ ಒಂದು ಗೀಟು.

"ಆಕಾಶ ಒಂದೇ ಅಲ್ವಾ, ಮತ್ತೆ ಮೂರು ಮಾತು ಯಾಕೆ?" ಎಂದು ಕೇಳಿದ್ದೆ.

"ಮೂರು ಮಂದಿ ಸೊಸೆಯರಿದ್ದ ಮನಿ ಹಂಗ್ರಿ ಅಕ್ಕಾರ. ಒಬ್ಬಾಕಿ ಅಂದದ್ದು ಇನ್ನೊಬ್ಬಾಕಿ ಒಪ್ಪೂದಿಲ್ಲ."

ಅವರ ಅಕ್ಕ ಊರಲ್ಲಿ ದ್ರಾಕ್ಷಿ ಬೆಳೆದು, ಶೆಡ್ಡಿನ ಬಲೆಗಳ ಮೇಲೆ ಒಣಗಿಸುವವರು. ಮಳೆ ತಾಗಿದರೆ ವರ್ಷದ ಬೆಳೆ ಕಪ್ಪಾಗುತ್ತದೆ. ಹೆದರಿ ದಿನವೂ ಶೆಡ್ಡಿನ ಸುತ್ತಲ ಪರದೆ ಇಳಿಸಿದರೆ ಗಾಳಿಯಾಡದೆ ಬೂಸು ಹಿಡಿಯುತ್ತದೆ. ಹಾಗಾಗಿ ಬೆಳಿಗ್ಗೆ ತಮ್ಮನಿಗೆ ಫೋನು: ಇಳಿಸಲೋ, ಬಿಡಲೋ?

ನಾನೂ ಮಳೆಗಾಲದಲ್ಲಿ ಟೆರೇಸಿಗೆ ಬಟ್ಟೆ ಒಯ್ಯುವ ಮೊದಲು ಆ ಗೋಡೆ ನೋಡುತ್ತಿದ್ದೆ. ನಡುವಿನ ಸಾಲಿಗೇ ಹೆಚ್ಚು ಗೀಟು. ದೇವರ ದಯೆ, ಅದನ್ನು ನಂಬಿದ ಮೇಲೆ ನನ್ನ ಬಟ್ಟೆ ಎಂದೂ ತೋಯಲಿಲ್ಲ. ದ್ರಾಕ್ಷಿ ಒಣಗಿಸುವ ಮಾರ್ಚಿನಲ್ಲಿ ಅವರು ಅಕ್ಕನಿಗೂ ನಡುವಿನದನ್ನೇ ನೋಡಿ ಹೇಳುವುದು ಕೇಳಿಸಿತು. ತಡೆಯಲಾಗಲಿಲ್ಲ.

"ಅಲ್ಲ ಮಾರಾಯ್ರೆ, ಇದು ಗೆದ್ದದ್ದು ಡೊಂಬಿವ್ಲಿ ಮಳೆಯಲ್ಲಿ. ದ್ರಾಕ್ಷಿ ಇರುವುದು ನಿಮ್ಮ ಊರಲ್ಲಲ್ವಾ?"

ಸೀಮೆಸುಣ್ಣ ಕೈಯಲ್ಲೇ ನಿಂತಿತು. "ಅಯ್ಯಯ್ಯ! ಇಲ್ಲಿ ಆಕಾಶ ನೋಡಿ ಅಲ್ಲಿ ಪರದಿ ಇಳಸಾಕತ್ತೀನಲ್ರಿ!"

ಅಂದೇ ಗೋಡೆ ಒರೆಸಿ, ಊರಿನ ಮಳೆಗೆಂದು ಹೊಸದಾಗಿ ಮೂರು ಸಾಲು ಬರೆದರು. ಅಕ್ಕ ಶೆಡ್ಡಿನ ಪಕ್ಕ ಡಬ್ಬಿಯೊಂದನ್ನು ಇಟ್ಟು, ಹನಿ ಬಿತ್ತೋ ಇಲ್ಲವೋ ಎಂದು ದಿನಾ ಹೇಳತೊಡಗಿದರು. ಎರಡು ಹಂಗಾಮಿನ ಗೀಟು ನೋಡಿದರೆ, ಇಲ್ಲಿ ಸದಾ ಸೋತ ಮೂರನೆಯದೇ ಅಲ್ಲಿ ಮುಂದೆ. ಅದರ ಮುಂದಿನ ವರ್ಷ ಒಂದು ದಿನ ಎರಡು ಮಾಡೆಲ್ ಬಿಸಿಲು ಎಂದವು, ಮೂರನೆಯದೊಂದೇ ಮಳೆ ಎಂದಿತು.

"ಸಣ್ಣ ಸೊಸಿ ಮಾತು ಕೇಳ ಅಕ್ಕಾ, ಪರದಿ ಇಳಸು. ಮಳಿ ಬರಲಿಲ್ಲಂದ್ರ ಒಂದಿನ ಹೋತು, ಬಂತಂದ್ರ ವರ್ಷನ ಹೊಕ್ಕೈತಿ."

ಸಂಜೆಗೆ ಅಲ್ಲಿ ಆಲಿಕಲ್ಲಿನ ಮಳೆ. ಶೆಡ್ಡಿನೊಳಗೆ ಹನಿಯೂ ಹೋಗಲಿಲ್ಲವಂತೆ. ತರಕಾರಿಯವರು ಊರಿಂದ ತರಿಸಿ ಕೊಟ್ಟ ಒಣದ್ರಾಕ್ಷಿಯ ಮೊದಲ ಮುಷ್ಟಿಯನ್ನು ದೇವರ ಮುಂದಿಟ್ಟೆ.

ಹೋದ ಶ್ರಾವಣದಲ್ಲಿ ತರಕಾರಿಯವರು ತೀರಿಕೊಂಡರು. ಅಂಗಡಿಯಲ್ಲೀಗ ಮೊಬೈಲ್ ಕವರು ಮಾರುತ್ತಾರೆ. ಗೋಡೆಗೆ ಹೊಸ ಬಣ್ಣ. ಈ ಮಾರ್ಚಿನಲ್ಲಿ ನನಗೊಂದು ಫೋನು ಬಂತು.

"ತಮ್ಮನ ಮೊಬೈಲಿನಾಗ ನಿಮ್ಮ ನಂಬರ್ ಇತ್ರಿ ಅಕ್ಕಾರ. ಇವತ್ತ ಡಬ್ಬಿ ಒಣಗೇತ್ರಿ. ನಾಳಿಗೆ ಪರದಿ ಇಳಸ್ಲೇನ್ರಿ?"

ದೇವರ ಗೂಡಿನ ಪಕ್ಕದ ಕ್ಯಾಲೆಂಡರ್ ತಿರುಗಿಸಿ, ಅದರ ಹಿಂಬದಿಯಲ್ಲಿ ಮೂರು ಸಾಲು ಎಳೆದೆ.