ಸೆನೋಪತಿಗೆ ಹೆಣ್ಣು ತಂದದ್ದು

ಜಾವಾ ದ್ವೀಪದ ನಮ್ಮ ಬ್ಲಿತಾರ್ ಊರಿನಲ್ಲಿ ಪೋನಿಮಿನ್‌ನಷ್ಟು ಸಾಧು ಪ್ರಾಣಿ ಇನ್ನೊಂದಿರಲಿಲ್ಲ. ವಾರ್ಡ್ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ಸಾಲಿನಲ್ಲಿ ಯಾರಾದರೂ ಮುಂದೆ ನುಗ್ಗಿದರೆ ಇವನೇ ಅವರ ಕ್ಷಮೆ ಕೇಳುತ್ತಿದ್ದ. ಕಚೇರಿಯ ಮುಖ್ಯಸ್ಥ ಲುರಾ ಹಾರ್ತೊಯೊ ತನ್ನ ಮೋಟಾರ್‌ಸೈಕಲ್ಲನ್ನು ಇವನ ಕೈಲಿ ತೊಳೆಸಿ, ಕೊಳೆ ಹೋಗಿಲ್ಲ ಎಂದು ಗದರಿದರೆ ತಲೆ ಬಗ್ಗಿಸಿ ಮತ್ತೊಮ್ಮೆ ತೊಳೆಯುತ್ತಿದ್ದ. ನೋಡಿದವರಿಗೇ ಮೈ ಉರಿಯುತ್ತಿತ್ತು.

ಇಂಥವನ ಮನೆಯ ಗಾಜಿನ ತೊಟ್ಟಿಯಲ್ಲಿ ಊರಿಗೆಲ್ಲ ದೊಡ್ಡ ಜಗಳಗಂಟ ಮೀನು! ಹಾವಿನ ತಲೆಯ ಚನ್ನಾ ಜಾತಿಯದು, ಮೈತುಂಬ ಕಿತ್ತಳೆ ಮಚ್ಚೆ, ಹೆಸರು ಸೆನೋಪತಿ. ಇಂಥ ಮೀನುಗಳಿಗೆ ನಮ್ಮಲ್ಲಿ ಸ್ಪರ್ಧೆಯುಂಟು. ತೀರ್ಪುಗಾರ ಗಾಜಿಗೆ ಬೆರಳು ತೋರಿಸುತ್ತಾನೆ. ರೆಕ್ಕೆ ಬಿಚ್ಚಿ, ಬಾಯಿ ತೆರೆದು ಮೇಲೆ ಬೀಳುವ ಮೀನಿಗೆ ಬಹುಮಾನ. ಸೆನೋಪತಿ ಮೂರು ಕಪ್ಪು ಗೆದ್ದಿತ್ತು. ಮೂರನ್ನೂ ಲುರಾ "ಇದು ಆಫೀಸಿನ ಮರ್ಯಾದೆ" ಎಂದು ತನ್ನ ಕಪಾಟಿಗೆ ಸೇರಿಸಿಕೊಂಡಿದ್ದ. ಸಾಕಿದವನಿಗೆ ಸಿಕ್ಕಿದ್ದು ಫೋಟೋದ ಅಂಚಿನಲ್ಲಿ ಅರ್ಧ ಭುಜ.

ಮೀನಿಗೆ ಜೋಡಿ ತರಬೇಕೆಂಬ ಆಸೆ ಪೋನಿಮಿನ್‌ಗೆ ಹುಟ್ಟಿತು. ಅವನಿಗೂ ಹೆಂಡತಿ ರುಮಿಯಾತಿಗೂ ಮಕ್ಕಳಿರಲಿಲ್ಲ. ಮೊದಲ ಹೆಣ್ಣನ್ನು ಸೆನೋಪತಿ ಹತ್ತೇ ನಿಮಿಷದಲ್ಲಿ ಸೀಳಿಹಾಕಿತು. ಎರಡನೆಯದನ್ನು ತಂದಾಗ ತೊಟ್ಟಿಯ ನಡುವೆ ತೂತುತೂತಿನ ಪ್ಲಾಸ್ಟಿಕ್ ಅಡ್ಡಗೋಡೆ ನಿಲ್ಲಿಸಿದ. ಒಂದನ್ನೊಂದು ನೋಡಿ ರೂಢಿಯಾಗಲಿ ಎಂದು ನಲವತ್ತು ದಿನ. ಬೀದಿಯಲ್ಲಿ ಹೆಂಡತಿಯ ಜೊತೆ ಮಾತು ಬಿಟ್ಟ ಗಂಡಸರೆಲ್ಲ ಬಂದು ದಾಂಪತ್ಯದ ಬಗ್ಗೆ ಸಲಹೆ ಕೊಟ್ಟು, ಕಾಫಿ ಕುಡಿದು ಹೋದರು. ಪೋನಿಮಿನ್ ಮಾತ್ರ ದಿನಾ ಗಾಜಿನ ಮುಂದೆ ಕೂತು, "ತಾವು ಸ್ವಲ್ಪ ಸಮಾಧಾನ ತಂದ್ಕೋಬೇಕು, ಸ್ವಾಮಿ" ಎಂದು ಬೇಡುತ್ತಿದ್ದ.

"ರೀ, ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ನನ್ನ ಜೊತೆ ಒಂದಿನ ಇಷ್ಟು ನಯವಾಗಿ ಮಾತಾಡಿದ್ದುಂಟಾ?" ಎಂದಳು ರುಮಿಯಾತಿ.

"ನೀನು ಕಚ್ಚಲ್ವಲ್ಲೇ."

ಅಡ್ಡಗೋಡೆ ತೆಗೆದಾಗ ಎರಡೂ ಬಾಲ ಹರಿದುಕೊಂಡವು, ಆಮೇಲೆ ಒಂದಾದವು. ಒಂದು ಶುಕ್ರವಾರ ಬೆಳಿಗ್ಗೆ ಸೆನೋಪತಿಯ ಗಂಟಲು ಉಬ್ಬಿತ್ತು, ಬಾಯಿ ಬಿಗಿದಿತ್ತು. ಈ ಜಾತಿಯಲ್ಲಿ ಮೊಟ್ಟೆಗಳನ್ನು ಬಾಯೊಳಗಿಟ್ಟು ಕಾಯುವುದು ಅಪ್ಪ. ಮರಿ ಹೊರಬರುವ ತನಕ ಅದಕ್ಕೆ ಊಟವೂ ಇಲ್ಲ, ಜಗಳವೂ ಇಲ್ಲ.

ಆದರೆ ಭಾನುವಾರವೇ ಸ್ಪರ್ಧೆ.

"ಬುಪಾತಿ ಸಾಹೇಬ್ರೇ ಬರ್ತಿದಾರೆ ಕಣೋ ಮಿನ್," ಎಂದ ಲುರಾ. "ಇಡೀ ಜಿಲ್ಲೆ ಆಳೋರ ಮುಂದೆ ನಮ್ಮ ಮೀನು ಬಾಯಿ ಮುಚ್ಕೊಂಡು ನಿಲ್ಲೋದಾ? ಹಿಡಿದು ಹಿಂಡು, ಮೊಟ್ಟೆ ಉಗುಳುತ್ತೆ."

ಪೋನಿಮಿನ್ ಎಂದಿನಂತೆ ತಲೆಯಾಡಿಸಿ ಬಂದ. ಎರಡು ದಿನ ಅವನ ಗಂಟಲಲ್ಲೂ ಅನ್ನ ಇಳಿಯಲಿಲ್ಲ.

ಭಾನುವಾರ ಲುರಾ ಹೊಸ ಬಾತಿಕ್ ಅಂಗಿ ತೊಟ್ಟು, ವ್ಯಾನು ತಂದು, ನೇರ ಒಳನುಗ್ಗಿ ಗಾಜಿಗೆ ಬೆರಳಿಟ್ಟ. ಸೆನೋಪತಿ ಹಿಂದೆ ಸರಿದು ಮೂಲೆ ಸೇರಿತು.

"ಥೂ, ಹೇಡಿ! ಮದುವೆ ಮಾಡಿ ಕೆಡಿಸಿಟ್ಟಿದೀಯ. ಇನ್ನೂ ಹಿಂಡಿಲ್ವಾ? ಕೊಡು ಇಲ್ಲಿ, ನಾನೇ ಹಿಂಡ್ತೀನಿ," ಎಂದು ತೊಟ್ಟಿಯ ಪಕ್ಕದಲ್ಲಿದ್ದ ಕೈಬಲೆಗೆ ಕೈ ಹಾಕಿದ.

ಪೋನಿಮಿನ್ ಆ ಬಲೆಯನ್ನು ಕಿತ್ತುಕೊಂಡ. ಬೆನ್ನ ಹಿಂದೆ ಹಿಡಿದು ತೊಟ್ಟಿಗೆ ಅಡ್ಡ ನಿಂತ.

"ಅದು ಹೇಡಿಯಲ್ಲ, ಲುರಾ ಸಾಹೇಬ್ರೇ. ಅದರ ಬಾಯಲ್ಲಿ ಮಕ್ಕಳಿದಾವೆ. ನಿಮ್ಗೆ ಯಾರಿಗಾದ್ರೂ ಬೆರಳು ತೋರಿಸ್ಲೇಬೇಕು ಅಂದ್ರೆ ನನ್ನ ಕರ್ಕೊಂಡ್ಹೋಗಿ ಗಾಜಿನೊಳಗೆ ಕೂರಿಸಿ. ಇಪ್ಪತ್ತೆರಡು ವರ್ಷದಿಂದ ಅಭ್ಯಾಸ ಇದೆ."

ಬೀದಿಯವರೆಲ್ಲ ಬಾಗಿಲಲ್ಲಿ ಇಣುಕುತ್ತಿದ್ದೆವು. ಲುರಾ ಸುತ್ತ ನೋಡಿದ, ಅಂಗಿ ಸರಿಮಾಡಿಕೊಂಡ, ಖಾಲಿ ವ್ಯಾನು ಹತ್ತಿ ಹೊರಟುಹೋದ.

ಸೋಮವಾರವೇ ಪೋನಿಮಿನ್‌ನನ್ನು ಸ್ಮಶಾನದ ದಾಖಲೆ ನೋಡಿಕೊಳ್ಳಲು ಹಾಕಿದರು. ಬುಧವಾರ ಸೆನೋಪತಿ ಬಾಯಿ ತೆರೆಯಿತು. ಎಳ್ಳಿನಷ್ಟು ಮರಿಗಳು ಹೊರಬಂದು ನೀರೆಲ್ಲ ಹರಡಿದವು. ಗಂಡಹೆಂಡತಿ ತೊಟ್ಟಿಯ ಮುಂದೆ ನೆಲದ ಮೇಲೆ ಕೂತು ನಾಚಿಕೆಯಿಲ್ಲದೆ ಅತ್ತರು. ಪಕ್ಕದ ಮನೆಯ ನನ್ನನ್ನೂ ನೋಡಲು ಕರೆದರು. ನಾನು ಹೊಸ್ತಿಲಲ್ಲೇ ನಿಂತೆ. ಸ್ಪರ್ಧೆಯ ಹಿಂದಿನ ದಿನ, ಶನಿವಾರ ಸಂಜೆ, ಅವನನ್ನು ಪಕ್ಕಕ್ಕೆ ಕರೆದು, "ಹಿಂಡಿಬಿಡು ಮಾರಾಯ, ನೌಕರಿ ಮುಖ್ಯ" ಎಂದು ಬುದ್ಧಿ ಹೇಳಿದವನು ನಾನೇ.