ಸೋಪು ಹಚ್ಚಿದ ಬೆಲ್ಟು

ಸಂಕಗಿರಿಯ ಡ್ರೈವರುಗಳಿಗೆ ಮೆಕ್ಯಾನಿಕ್ ಸೆಂಗೋಡನ ಕೈಮೇಲೆ ನಂಬಿಕೆ, ಬಾಯಿ ಕಂಡರೆ ಭಯ. ಅವತ್ತು ಮಾರಪ್ಪ ತಂದ ಲಾರಿಯ ಇಂಜಿನ್ ಒಂದೇ ಸಮನೆ ಕಿರುಚುತ್ತಿತ್ತು. ಸೆಂಗೋಡ ಬೆಲ್ಟು ಕಳಚಿ, ಅದು ಸುತ್ತುವ ಪುಲ್ಲಿ ಹಿಡಿದು ಅಲ್ಲಾಡಿಸಿದ. ಅದು ಬೀಳುವ ಹಲ್ಲಿನಂತೆ ಅಲುಗಿತು. ಬೆಲ್ಟು ಮುಟ್ಟಿದ ಬೆರಳಿಗೆ ಸೋಪು ಮೆತ್ತಿಕೊಂಡಿತ್ತು.

“ಬೇರಿಂಗ್ ಹೋಗಿದೆ. ಸೋಪು ಯಾವನೋ ಹಚ್ಚಿದ್ದು?”

“ನಾನೇ ಅಣ್ಣಾ. ಎಲ್ಲಾರೂ ಹಚ್ತಾರಲ್ಲ, ಸುಮ್ಮನಾಗುತ್ತೆ.”

“ಅಳೋ ಮಗು ಬಾಯಿಗೆ ಬಟ್ಟೆ ತುರುಕ್ತೀಯಾ? ಬ್ರೇಕಿಗೆ ಗಾಳಿ ತುಂಬೋದೂ ಇದೇ ಬೆಲ್ಟು ಕಣೋ! ಬೇರಿಂಗ್ ಕಚ್ಚಿ ಇದು ಹರಿದ್ರೆ ಬ್ರೇಕೇ ಹಿಡಿಯಲ್ಲ!”

ಹೊಸ ಬೇರಿಂಗ್ ಕೂತಮೇಲೆ ಕಿರುಚಾಟ ನಿಂತಿತು. ಮಾರಪ್ಪನ ಮುಖ ಮಾತ್ರ ಬಿಳಿಚಿಕೊಂಡಿತ್ತು.

“ಧರ್ಮಪುರೀಲಿ ನನ್ನ ತಮ್ಮನ ಲಾರೀನೂ ಹಿಂಗೇ ಕಿರುಚ್ತಿತ್ತು ಅಣ್ಣಾ. ಅದಕ್ಕೂ ಸೋಪು ಹಚ್ಚಿ ಬಂದೆ. ಲೋಡ್ ತಗೊಂಡು ಈಗ ತೊಪ್ಪೂರು ಘಾಟಿ ಇಳೀತಿರ್ತಾನೆ.”

ಫೋನ್ ಹಚ್ಚಿದರು. ಆ ಕಡೆ ಬಡಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಸೆಂಗೋಡ ಬೈಯುವುದನ್ನೂ ಬಿಟ್ಟು ಲಾರಿ ಹತ್ತಿದ, “ಘಾಟಿ ಕಡೆ ಹೊಡಿ.”