ಆವುಲಪ್ಪನ ಎಡಗಣ್ಣು

ಉದ್ದನಪಲ್ಲಿಯ ಆವುಲಪ್ಪನಿಗೆ ತನ್ನ ಎಡಗಣ್ಣು ಹೋಗಿದೆಯೆಂದು ತಿಳಿದದ್ದು ರಾಗಿ ಹೊಲದಲ್ಲಿ, ೧೯೭೯ರ ಸುಗ್ಗಿಯಲ್ಲಿ. ಬಲಗಣ್ಣಿಗೆ ಹೊಟ್ಟು ಬಿದ್ದು ಉಜ್ಜಿಕೊಳ್ಳುತ್ತ ನಿಂತವನಿಗೆ ಎದುರಿಗಿದ್ದ ಹೆಂಡತಿ ಪಿಳ್ಳಮ್ಮ ಬರೀ ಹೊಗೆಯಂತೆ ಕಂಡಳು. ಕೃಷ್ಣಗಿರಿಯ ಡಾಕ್ಟರು ದೀಪ ಹಿಡಿದು ನೋಡಿ, ಇದು ಪೊರೆಯಲ್ಲ, ನರ ಒಣಗಿದೆ, ಆಪರೇಷನ್ನಿಗೆ ಬರುವುದಿಲ್ಲ ಎಂದರು. ಏನು ಕೆಲಸ ಎಂದು ಕೇಳಿದಾಗ ಆವುಲಪ್ಪ "ಬೇಸಾಯ" ಎಂದ. ಅದು ಅರ್ಧ ಸತ್ಯ.

ಉಳಿದರ್ಧ ಹೊಸೂರಿನಲ್ಲಿತ್ತು. ಅಲ್ಲಿ ಶ್ಯಾಮಣ್ಣನ ವರ್ಕ್‌ಶಾಪಿನ ಹಳೆಯ ಫಿಯಟ್ಟನ್ನು ಅವನು ಹದಿನಾರು ವರ್ಷದಿಂದ ರೇಸಿನಲ್ಲಿ ಓಡಿಸುತ್ತಿದ್ದ. ಆಗ ಲಾರಿ ಡ್ರೈವರನಾಗಿದ್ದು ರಿಪೇರಿಗೆಂದು ಬಂದ ಆವುಲಪ್ಪನನ್ನು, ಅವನ ಕೈಹದ ನೋಡಿ, ಶ್ಯಾಮಣ್ಣನೇ ಆ ಕಾರಿನಲ್ಲಿ ಕೂರಿಸಿದ್ದ. ವರ್ಷಕ್ಕೊಂದು ಓಟ, ಫೆಬ್ರವರಿಯಲ್ಲಿ. ಮದ್ರಾಸಿನಾಚೆ, ಯುದ್ಧದ ಕಾಲದಲ್ಲಿ ವಿಮಾನಗಳಿಗೆಂದು ಹಾಕಿದ್ದ ಕಾಂಕ್ರೀಟಿನ ಮೇಲೆ. ಮೂರು ಸಲ ಕಪ್ ತಂದಿದ್ದ. ಈಗ ನಲವತ್ತಾರು ವಯಸ್ಸು.

ರೇಸು ಬಿಟ್ಟೆ ಎಂದು ಹೇಳಲೆಂದೇ ಸೋಮವಾರ ಹೊಸೂರಿಗೆ ಹೋದ. ಮೆಕ್ಯಾನಿಕ್ ಚಿಕ್ಕಮುನಿಯಪ್ಪ ಫಿಯಟ್ಟಿನ ಇಂಜಿನ್ ಬಿಚ್ಚಿ ಹರಡಿಕೊಂಡು ಕೂತಿದ್ದ. ೭೪ರ ಓಟದಲ್ಲಿ ಕಾರು ಮಗುಚಿ ಬೆಂಕಿ ಹತ್ತಿದಾಗ ಬರಿಗೈಯಲ್ಲಿ ಬಾಗಿಲು ಕಿತ್ತು ಆವುಲಪ್ಪನನ್ನು ಹೊರಗೆಳೆದವನು ಅವನೇ. ಅವತ್ತು ಸುಟ್ಟ ಬಲಗೈಯ ಮೂರು ಬೆರಳು ಒಂದಕ್ಕೊಂದು ಅಂಟಿಹೋಗಿದ್ದವು. ಸ್ಪ್ಯಾನರನ್ನು ಟ್ಯೂಬಿನ ಪಟ್ಟಿಯಿಂದ ಮುಂಗೈಗೆ ಕಟ್ಟಿಕೊಂಡು ತಿರುಗಿಸುತ್ತಿದ್ದ. ಬೇರೆಯವರು ಒಂದು ದಿನದಲ್ಲಿ ಮುಗಿಸುವುದು ಅವನಿಗೆ ಒಂದು ವಾರ. ರೇಸಿನ ಕಾರು ಇರುವತನಕ ಯಾರೂ ಅದನ್ನು ಕೇಳುತ್ತಿರಲಿಲ್ಲ. ಆವುಲಪ್ಪ ಬಿಟ್ಟರೆ ಶ್ಯಾಮಣ್ಣ ಕಾರು ಮಾರುತ್ತಿದ್ದ; ಆ ಕಾರು ಹೋದರೆ ಚಿಕ್ಕಮುನಿಯಪ್ಪನಿಗೆ ಅಲ್ಲಿ ಕೆಲಸವೇ ಇರಲಿಲ್ಲ.

"ಈ ಸಲ ಇಂಜಿನ್ ಎಂಗೆ ಉಸ್ರಾಡ್ತದೆ ನೋಡ್ಲಾ," ಎಂದ ಚಿಕ್ಕಮುನಿಯಪ್ಪ.

ಆವುಲಪ್ಪ ನೋಡಿದ. ಹೇಳಲು ಬಂದದ್ದನ್ನು ಬಿಟ್ಟು, ಪಕ್ಕದಲ್ಲಿ ಕೂತು ಬೋಲ್ಟುಗಳನ್ನು ಎತ್ತಿಕೊಡತೊಡಗಿದ.

ಹಾಗೆ ಎರಡು ಫೆಬ್ರವರಿ ಕಳೆದವು. ಕತ್ತನ್ನು ತುಸು ಎಡಕ್ಕೆ ತಿರುಗಿಸಿಕೊಂಡು, ಪಕ್ಕದ ಕಾರನ್ನು ಸದ್ದಿನಲ್ಲೇ ಅಂದಾಜು ಮಾಡಿ ಓಡಿಸಿದ. ಕಪ್ ಬರಲಿಲ್ಲ, ಪೆಟ್ಟೂ ಆಗಲಿಲ್ಲ. ಊರಿಗೆ ಬಂದ ಮೇಲೆ ವಾರಗಟ್ಟಲೆ ಕತ್ತು ನೋಯುತ್ತಿತ್ತು. ಬೆಂಕಿಯಿಂದ ಹೊರಗೆಳೆದ ಕೈಯೇ ತನ್ನನ್ನು ಮತ್ತೆ ಆ ಕಾರಿನೊಳಗೆ ಕೂಡಿಹಾಕಿದೆ ಎಂದು ಅವನಿಗೆ ಅನಿಸುತ್ತಿತ್ತು.

"ಯೇಳ್ಬುಟ್ರಾ?" ಎಂದು ಪಿಳ್ಳಮ್ಮ ಕೇಳುತ್ತಿದ್ದಳು.

"ಯೇಳ್ತೀನಿ ಬುಡು."

"ಚಿಕ್ಕಮುನಿಯಪ್ಪನೋರಿಗೋಸ್ಕರ ಅಂತೀರ. ನಾಳೆ ನಿಮ್ಮನ್ನ ಅಲ್ಲಿಂದ ಎತ್ಕಂಡ್ ಬರೋರು ಯಾರು? ಅವ್ರೇ ತಾನೆ?"

ಆವುಲಪ್ಪ ಹೊಲದ ಕಡೆ ಹೋಗುತ್ತಿದ್ದ.

೮೨ರ ಓಟದ ದಿನ ಬೆಳಿಗ್ಗೆ ಡ್ರೈವರುಗಳ ಕಣ್ಣು ಪರೀಕ್ಷೆಯಿತ್ತು. ಮೊದಲ ಸಲ ಎಡಗೈಯಿಂದ ಎಡಗಣ್ಣು ಮುಚ್ಚಿ ಅಕ್ಷರ ಓದಿದ. ಇನ್ನೊಂದು ಎಂದಾಗ ಬಲಗೈಯಿಂದ ಅದೇ ಎಡಗಣ್ಣನ್ನು ಮುಚ್ಚಿದ. ಯಾರ ಜೊತೆಯೋ ಮಾತಾಡುತ್ತಿದ್ದ ಡಾಕ್ಟರು ರುಜು ಹಾಕಿದರು.

ಏಳನೇ ಸುತ್ತಿನ ತಿರುವಿನಲ್ಲಿ ಕೊಯಮತ್ತೂರಿನ ಚಿನ್ನಸ್ವಾಮಿ ಎಂಬ ಯುವಕನ ಕಾರು ಎಡಗಡೆಯಿಂದ ಬಂತು. ಆವುಲಪ್ಪನಿಗೆ ಕಾಣಲಿಲ್ಲ. ಎಂದಿನಂತೆ ಎಡಕ್ಕೆ ಎಳೆದ. ತಗಡು ತಗಡು ಉಜ್ಜಿದ ಸದ್ದು. ಯುವಕನ ಕಾರು ದಾರಿಯಂಚಿಗೆ ಇಟ್ಟಿದ್ದ ಡ್ರಮ್ಮುಗಳನ್ನು ಕೆಡವಿಕೊಂಡು ಮಣ್ಣಿನಲ್ಲಿ ಎರಡು ಪಲ್ಟಿ ಹೊಡೆಯಿತು. ಸ್ಟ್ರೆಚರಿನಲ್ಲಿ ಒಯ್ಯುವಾಗ ಯುವಕನಿಗೆ ಪ್ರಜ್ಞೆಯಿತ್ತು. ಹೆಗಲ ಮೂಳೆ ಮುರಿದಿತ್ತು. "ಸ್ವಾಮೀ, ನಾನು ಬರೋದು ನಿಮಗೆ ಕಾಣಲಿಲ್ಲವಾ?" ಎಂದು ತಮಿಳಿನಲ್ಲಿ ಕೇಳಿದ.

ವಿಚಾರಣೆ ಮಾಡಿದ ರೇಸಿನ ಅಧಿಕಾರಿಗಳು ತಪ್ಪು ಯುವಕನದೇ ಎಂದರು, ಆತುರಪಟ್ಟು ನುಗ್ಗಿದ್ದಾನೆ ಎಂದರು. ಶ್ಯಾಮಣ್ಣ ಬಂದು ಬೆನ್ನು ತಟ್ಟಿದ. ಆವುಲಪ್ಪ ಕಾರಿನ ಹಿಂದೆ ಚಿಕ್ಕಮುನಿಯಪ್ಪನನ್ನು ಹುಡುಕಿಕೊಂಡು ಹೋದ.

"ನಂಗೆ ಎಡಗಣ್ಣು ಕಾಣಾಕಿಲ್ಲ ಕಣ್ಲಾ. ಎರಡು ವರ್ಷದ ಮ್ಯಾಲಾತು."

ಚಿಕ್ಕಮುನಿಯಪ್ಪ ಕೈ ಒರೆಸಿಕೊಳ್ಳುತ್ತಲೇ ಇದ್ದ. "ಗೊತ್ತು," ಎಂದ. "ಓದ್ ವರ್ಷ ಎಡಕ್ಕೆ ಇನ್ನೊಂದ್ ಕನ್ನಡಿ ಯಾಕ್ ಆಕ್ದೆ ಅನ್ಕಂಡೆ?"

"ಗೊತ್ತಿದ್ದೂ ಸುಮ್ಕಿದ್ಯಾ?"

"ನೀನು ಬುಟ್ರೆ ಈ ಕೈಗೆ ಯಾವನ್ಲಾ ಕೆಲ್ಸ ಕೊಡ್ತಾನೆ?"

ಆಮೇಲೆ ಆವುಲಪ್ಪ ವಿಚಾರಣೆಯವರ ಮೇಜಿನ ಬಳಿ ಹೋಗಿ, ತನಗೆ ಬಂದಷ್ಟು ತಮಿಳಿನಲ್ಲಿ, ಪರೀಕ್ಷೆಯಲ್ಲಿ ಕೈ ಬದಲಿಸಿದ್ದನ್ನೂ ಬಿಡದೆ ಎಲ್ಲವನ್ನೂ ಹೇಳಿದ. ಅವನ ಲೈಸೆನ್ಸ್ ಅಲ್ಲೇ ಹೋಯಿತು. ಶ್ಯಾಮಣ್ಣನ ತಂಡವನ್ನೂ ಎರಡು ವರ್ಷ ಹೊರಗಿಟ್ಟರು.

ಶ್ಯಾಮಣ್ಣ ಆ ಬೇಸಿಗೆಯಲ್ಲೇ ಕಾರು ಮಾರಿದ. ದೀಪಾವಳಿಯ ಹೊತ್ತಿಗೆ ಚಿಕ್ಕಮುನಿಯಪ್ಪ ಕೆಲಸವಿಲ್ಲದೆ ಜವಳಗಿರಿಯಲ್ಲಿ ಮಾವನ ಮನೆ ಸೇರಿ, ಅವರ ಹೊಲ ನೋಡಿಕೊಂಡು ಆನೆ ಕಾವಲು ಕಾಯತೊಡಗಿದ. ಸುದ್ದಿ ಕೇಳಿದ ದಿನದಿಂದ ಆವುಲಪ್ಪನಿಗೆ ಅನ್ನ ರುಚಿಸಲಿಲ್ಲ. ಅವರೆಕಾಯಿಯ ಚೀಲ ಹೊತ್ತು ಒಂದು ದಿನ ಬಸ್ಸು ಹತ್ತಿದ.

ಚಿಕ್ಕಮುನಿಯಪ್ಪ ಮುದ್ದೆ ಇಕ್ಕಿಸಿದ. ಎದುರಿಗೆ ಕೂತ. ಊಟ ಮುಗಿಯುವತನಕ ಮಳೆಯ ಮಾತು, ಆನೆಗಳ ಮಾತು.

"ಅವತ್ತು ನಾನು ಯೇಳ್ಬಾರ್ದಿತ್ತಾ?" ಎಂದ ಆವುಲಪ್ಪ ಕೈತೊಳೆಯುತ್ತ.

"ಯೇಳ್ಬೇಕಿತ್ತು. ನಿನಗಿಂತ ಮುಂದೆ ನಾನೇ ಯೇಳ್ಬೇಕಿತ್ತು," ಎಂದ ಚಿಕ್ಕಮುನಿಯಪ್ಪ. "ಆದ್ರೂ ಕೋಪ ಓಗಿಲ್ಲ ಕಣ್ಲಾ. ಒಂದೊರ್ಸ ಬುಟ್ಟು ಬಾ."

ಆವುಲಪ್ಪ ಮರುವರ್ಷದ ಸುಗ್ಗಿ ಮುಗಿಸಿ ಮತ್ತೆ ಜವಳಗಿರಿಗೆ ಹೋದ.